ಮರದ ಹಲಗೆಯ ಗ್ರಾಮಾಫೋನು, ಅತ್ತೆಯವರ ಪ್ಲೇಟು

ದೀಪಾವಳಿಗೆ ಬರುವಾಗ ಮಗ ಬೆಂಗಳೂರಿನಿಂದ ಒಂದು ಚಪ್ಪಟೆ ಪೆಟ್ಟಿಗೆ ತಂದ. ಸೀರೆಯಿರಬಹುದೆಂದು ನಾನು, ಮಿಠಾಯಿಯಿರಬಹುದೆಂದು ಮಗಳು, ಇಬ್ಬರೂ ಆಸೆಯಿಂದ ನೋಡುತ್ತಾ ಕೂತೆವು. ಬಿಚ್ಚಿದರೆ ಒಳಗೆ ಒಂದರ ಮೇಲೊಂದು ಪೇರಿಸಿದ ತೆಳು ಹಲಗೆಗಳು! ಹಲಗೆಯಲ್ಲೇ ಹಲ್ಲಿನ ಗಾಲಿ, ಕಂಬ, ಹೂವಿನೆಸಳಿನಂಥ ತುಂಡುಗಳನ್ನು ಕೊರೆದು ಬಿಟ್ಟಿದ್ದಾರೆ. ಜೊತೆಗೆ ಬೆರಳಷ್ಟು ದಪ್ಪದ ಒಂದು ಮೋಟಾರು, ಒಂದು ರಬ್ಬರ್ ಬಳೆ, ಒಂದು ಸೂಜಿ, ಬರೀ ಚಿತ್ರಗಳೇ ತುಂಬಿದ ಒಂದು ಪುಸ್ತಕ.

"ಅಮ್ಮಾ, ಇದು ಗ್ರಾಮಾಫೋನು. ಜೋಡಿಸೋದು ನಮ್ಮ ಕೆಲಸ. ಜೋಡಿಸಿದ ಮ್ಯಾಲೆ ಖರೇನ ಹಾಡ್ತದ" ಅಂದ.

ಪಡಸಾಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ನಮ್ಮ ಅತ್ತೆಯವರ ಕೈ ನಿಂತಿತು. ಅವರಿಗೆ ಈಗ ಎಂಬತ್ತು ದಾಟಿದೆ. ಕೂಗಿ ಕರೆದರೂ ಕೇಳಿಸದ ಕಿವಿಗೆ ಈ ಒಂದು ಮಾತು ಹೇಗೋ ಕೇಳಿಸಿತು.

"ನನ್ನ ಪ್ಲೇಟು ಹಾಡ್ತದೇನೋ ಅದರಾಗ?"

ಆ ಪ್ಲೇಟಿನ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅತ್ತೆಯವರ ತವರಿನಲ್ಲಿ ಚಾವಿ ಕೊಡುವ ಗ್ರಾಮಾಫೋನು ಇತ್ತಂತೆ. ಅವರ ತಂದೆ ತೀರಿಕೊಂಡ ಮೇಲೆ ಯಾರೋ ಅದನ್ನು ಪಾತ್ರೆ ವ್ಯಾಪಾರಿಗೆ ಕೊಟ್ಟು ಒಂದು ಹಿತ್ತಾಳೆಯ ಪರಾತ ತೆಗೆದುಕೊಂಡರು. ಪ್ಲೇಟುಗಳೂ ಒಂದೊಂದಾಗಿ ಹೋದವು. ಉಳಿದ ಒಂದನ್ನು ಅತ್ತೆಯವರು ಕುಬುಸದ ಕಣದಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟುಕೊಂಡು ಬಂದರು. ತುತ್ತೂರಿಯ ಮುಂದೆ ಕಿವಿಗೊಟ್ಟು ಕೂತ ನಾಯಿಯ ಚಿತ್ರ, ಅದರ ಕೆಳಗೆ 'ಗಾಂಧಾರಿ' ಎಂಬ ಹೆಸರು. ನಮ್ಮ ಗಂಗೂಬಾಯಿ ಹಾನಗಲ್ ಅವರು ಇನ್ನೂ ಹುಡುಗಿಯಾಗಿದ್ದಾಗ, 1930ರ ದಶಕದಲ್ಲಿ, ಅವರ ಮೊದಮೊದಲ ಪ್ಲೇಟುಗಳು ಬಂದದ್ದು ಆ ಹೆಸರಿನಲ್ಲೇ. ಐವತ್ತು ವರ್ಷಕ್ಕೂ ಮೇಲಾಯಿತು, ಆ ಪ್ಲೇಟು ಹಾಡಿ.

"ಮೊದಲು ಜೋಡಿಸೋಣ ಅಜ್ಜಿ, ಆಮ್ಯಾಲೆ ನೋಡೋಣ" ಎಂದ ಮಗ.

ಜೋಡಿಸುವುದಕ್ಕೆ ನಾಲ್ಕು ದಿನ ಹಿಡಿಯಿತು. ಚಕ್ಕುಲಿ ಒತ್ತಲು ಬಂದ ಕೈ ಈ ಕೆಲಸಕ್ಕೂ ಬರುತ್ತದೆ, ಹೆದರಬೇಕಾದ್ದೇನಿಲ್ಲ. ಅವಸರ ಮಾತ್ರ ಕೂಡದು. ಹಲಗೆಯಿಂದ ತುಂಡುಗಳನ್ನು ಬಿಡಿಸುವಾಗ ಜಗ್ಗಿದರೆ ಹಲ್ಲು ಮುರಿಯುತ್ತದೆ. ಹಿಂದಿನಿಂದ ಹೆಬ್ಬೆರಳಲ್ಲಿ ಒತ್ತಿ ಬಿಡಿಸಬೇಕು. ಪ್ರತಿ ತುಂಡಿನ ಅಂಚನ್ನೂ ನಯವಾದ ಪಾಲಿಶ್ ಕಾಗದದಿಂದ ಎರಡು ಸಲ ಉಜ್ಜಿ, ಗಾಲಿಯ ಹಲ್ಲುಗಳಿಗೆ ಮೇಣದ ಬತ್ತಿ ಸವರಬೇಕು. ಎಣ್ಣೆ ಹಚ್ಚಬೇಡಿ, ಮರ ಎಣ್ಣೆ ಕುಡಿದು ಉಬ್ಬುತ್ತದೆ. ನಮ್ಮವರು ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟು ಒಂದು ಗಾಲಿಯನ್ನು ಕೆಡಿಸಿದರು. ಅದನ್ನು ಬಿಸಿಲಿಗಿಟ್ಟು ಮತ್ತೆ ಉಜ್ಜಬೇಕಾಯಿತು. ತುತ್ತೂರಿಯ ಎಸಳುಗಳನ್ನು ಫೆವಿಕಾಲ್ ಹಚ್ಚಿ ಕೂಡಿಸಿ, ದಾರ ಸುತ್ತಿ, ಒಂದು ರಾತ್ರಿ ಮುಟ್ಟದೆ ಬಿಡಬೇಕು.

ಇಷ್ಟಾದ ಮೇಲೆ ಅದು ನೋಡಲು ಬಲು ಚೆಂದ. ಷೋಕೇಸಿನಲ್ಲಿಟ್ಟರೆ ಬಂದವರೆಲ್ಲ ಕೇಳುವಂತಿದೆ. ಆದರೆ ಹಾಡು?

ಧ್ವನಿ ಎಲ್ಲಿಂದ ಬರುತ್ತದೆ?

ಇಲ್ಲಿ ಸ್ವಲ್ಪ ತಿಳಿದುಕೊಳ್ಳಬೇಕಾದ್ದಿದೆ. ರೇಡಿಯೋ, ಟೇಪ್ ರೆಕಾರ್ಡರ್, ಈಗಿನ ಮೊಬೈಲು ಎಲ್ಲದರಲ್ಲೂ ಧ್ವನಿಯನ್ನು ದೊಡ್ಡದು ಮಾಡುವುದು ವಿದ್ಯುತ್ತು. ಈ ಗ್ರಾಮಾಫೋನಿನಲ್ಲಿ ಹಾಗಲ್ಲ. ನಮ್ಮ ಪೆಟ್ಟಿಗೆಯಲ್ಲಿದ್ದ ಮೋಟಾರಿಗೆ ಪ್ಲೇಟನ್ನು ತಿರುಗಿಸುವುದಷ್ಟೇ ಕೆಲಸ. ಪ್ಲೇಟಿನ ಮೇಲೆ ಸುರುಳಿ ಸುತ್ತಿಕೊಂಡಿರುವ ಒಂದೇ ಒಂದು ಗೆರೆಯಿದೆ. ಆ ಗೆರೆ ನೆಟ್ಟಗಿಲ್ಲ, ಎಡಕ್ಕೂ ಬಲಕ್ಕೂ ಕಣ್ಣಿಗೆ ಕಾಣದಷ್ಟು ಅಲುಗಾಡಿಕೊಂಡಿದೆ. ಸೂಜಿ ಆ ಅಲುಗಾಟದ ಜೊತೆ ಅಲುಗುತ್ತದೆ. ಸೂಜಿಯ ಬೆನ್ನಿಗೆ ಅಂಟಿದ ತೆಳುವಾದ ಪೊರೆಯೊಂದು ಅಲುಗಿ, ಗಾಳಿಯನ್ನು ಅಲುಗಿಸುತ್ತದೆ. ತುತ್ತೂರಿ ಆ ಪುಟ್ಟ ಗಾಳಿಯನ್ನು ಕೋಣೆಯ ದೊಡ್ಡ ಗಾಳಿಗೆ ಒಪ್ಪಿಸುತ್ತದೆ. ಇಷ್ಟೇ.

1877ರಲ್ಲಿ ಎಡಿಸನ್ ತವರದ ತೆಳು ಹಾಳೆಯನ್ನು ಉರುಳೆಗೆ ಸುತ್ತಿ ಮಾಡಿದ್ದೂ ಇದನ್ನೇ. ಹತ್ತು ವರ್ಷದ ಮೇಲೆ, 1887ರಲ್ಲಿ, ಎಮಿಲ್ ಬರ್ಲಿನರ್ ಎಂಬಾತ ಉರುಳೆ ಬಿಟ್ಟು ಚಪ್ಪಟೆ ತಟ್ಟೆಗೆ ಬಂದ. ತಟ್ಟೆಯಾದರೆ ಅಚ್ಚೊತ್ತಿ ಸಾವಿರಾರು ಮಾಡಬಹುದಲ್ಲ! ನಮ್ಮ ದೇಶದಲ್ಲಿ 1902ರಲ್ಲಿ ಕಲ್ಕತ್ತೆಯ ಗೌಹರ್ ಜಾನ್ ಹಾಡಿದಾಗ, ಹಾಡು ಮುಗಿದ ಕೂಡಲೇ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದ್ದು ಪ್ಲೇಟಿನಲ್ಲೇ ಉಳಿದಿದೆ. ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಯಾರ ಪ್ಲೇಟೆಂದು ತಿಳಿಯಬೇಡವೇ?

ಆ ಕಾಲದ ಪ್ಲೇಟು ಪ್ಲಾಸ್ಟಿಕ್ಕಿನದಲ್ಲ, ಅರಗಿನದು. ಮುತ್ತುಗದ ಮರದಂಥ ಮರಗಳ ಟೊಂಗೆಯ ಮೇಲೆ ಪುಟ್ಟ ಹುಳುಗಳು ಕಟ್ಟುವ ಅರಗು. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವುದೂ ಅದೇ. ಅದಕ್ಕೆ ಕಲ್ಲಿನ ಪುಡಿ, ಕಪ್ಪು ಬಣ್ಣ ಬೆರೆಸಿ ಕಾಯಿಸಿ ಅಚ್ಚೊತ್ತುತ್ತಿದ್ದರು. ಕಲ್ಲಿನ ಪುಡಿ ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲ ಹಾಡು, ಮೊದಲ ತಪ್ಪು

ನಮ್ಮ ಪೆಟ್ಟಿಗೆಯಲ್ಲಿ ಪ್ಲೇಟು ಇರಲಿಲ್ಲ. ನಮ್ಮವರು ಮೊದಲ ಸಂಬಳದಲ್ಲಿ ಕೊಂಡ ಕನ್ನಡ ಸಿನಿಮಾ ಹಾಡಿನ ಒಂದು ಎಲ್.ಪಿ. ಕಪಾಟಿನಲ್ಲಿತ್ತು. ಅವರು ಪೇಟೆಗೆ ಹೋಗಿದ್ದರು. ಮಗ ತೆಗೆದ, ನಾನೂ ಬೇಡ ಅನ್ನಲಿಲ್ಲ.

ಹಾಡಿತು! ಪಕ್ಕದ ಮನೆಯವರು ಕಾಂಪೌಂಡಿನಾಚೆ ಮಾತಾಡಿದಂತೆ, ನೆಗಡಿಯಾದವರು ಮೂಗಿನಲ್ಲಿ ಹಾಡಿದಂತೆ, ಆದರೂ ಹಾಡು ಹಾಡೇ. ಮಗಳು ಚಪ್ಪಾಳೆ ತಟ್ಟಿದಳು. ಒಂದು ಪದ ಮುಗಿಯುವಷ್ಟರಲ್ಲಿ ನನ್ನ ಕಣ್ಣಿಗೆ ಬಿದ್ದದ್ದೇ ಬೇರೆ. ಸೂಜಿ ಹಾದುಹೋದ ಜಾಗದಲ್ಲಿ ಕಪ್ಪು ಪ್ಲೇಟು ಬೂದು ಬಣ್ಣಕ್ಕೆ ತಿರುಗಿತ್ತು. ಬೆರಳಿನಿಂದ ಒರೆಸಿದೆ. ಹೋಗಲಿಲ್ಲ. ಅದು ಧೂಳಲ್ಲ, ಗೆರೆಯೇ ಸವೆದಿತ್ತು.

ಅಡುಗೆಮನೆಯ ತಕ್ಕಡಿ ತಂದು ಸೂಜಿಯನ್ನು ಅದರ ಮೇಲೆ ಇಳಿಸಿದೆವು. 30 ಗ್ರಾಂ ತೋರಿಸಿತು. ಎಲ್.ಪಿ. ಹಾಡಿಸುವ ಒಳ್ಳೆಯ ಯಂತ್ರದಲ್ಲಿ ಸೂಜಿಯ ಭಾರ 2 ಗ್ರಾಂ ಅಷ್ಟೇ. 1948ರಲ್ಲಿ ಎಲ್.ಪಿ. ಬಂದಾಗ ಅದರ ಗೆರೆಯನ್ನು ಹಳೆಯ ಪ್ಲೇಟಿನ ಗೆರೆಯ ಮೂರರಲ್ಲೊಂದು ಪಾಲಿನಷ್ಟು ಸಣ್ಣದು ಮಾಡಿ, ಮೆತ್ತನೆಯ ವಿನೈಲಿನಲ್ಲಿ ಕೊರೆದರು. ಅದು ವಿದ್ಯುತ್ತಿನ ಯಂತ್ರಕ್ಕೆಂದೇ ಆದದ್ದು. ಅಂಥದರ ಮೇಲೆ ಹದಿನೈದು ಪಟ್ಟು ಭಾರ ಹೇರಿದ್ದೆವು.

ಹಾಗಾದರೆ ಭಾರ ಇಳಿಸೋಣವೆಂದು ಮಗ ಕೈಯ ಹಿಂಬದಿಗೆ ನಾಣ್ಯ ಅಂಟಿಸಿದ. 10 ಗ್ರಾಮಿಗೆ ಇಳಿದಾಗ ಸೂಜಿ ಗೆರೆ ಬಿಟ್ಟು ಜಾರತೊಡಗಿತು, ದನಿಯೂ ನೊಣ ಗುಂಯ್‌ಗುಟ್ಟಿದಷ್ಟಾಯಿತು. ಆಗ ಅರ್ಥವಾಯಿತು. ಇದರಲ್ಲಿ ದನಿ ಬರುವುದೇ ಗೆರೆ ಸೂಜಿಯನ್ನು ನೂಕುವ ಬಲದಿಂದ. ಕೋಣೆಗೆಲ್ಲ ಕೇಳಬೇಕಾದರೆ ಪ್ಲೇಟು ಮೈ ಸವೆಸಿಕೊಳ್ಳಬೇಕು. ಬಿಟ್ಟಿಯಾಗಿ ಏನೂ ಬರುವುದಿಲ್ಲ.

ಸಂಜೆ ನಮ್ಮವರಿಗೆ ಹೇಳಿದೆವು. ಅವರು ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿ, ಕವರಿನಲ್ಲಿ ಹಾಕಿ, ಕಪಾಟಿನಲ್ಲಿಟ್ಟರು. ಏನೂ ಅನ್ನಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಸಾಲದು ಎಂದರು. ಉಪ್ಪು ಸರಿಯಾಗಿಯೇ ಇತ್ತು.

ಇದಾದ ಮೇಲೆ ಅತ್ತೆಯವರ ಪ್ಲೇಟಿನ ಮಾತು ಬಂದಾಗಲೆಲ್ಲ ನಾನು ಮಾತು ಮರೆಸಿದೆ.

ಕಾಗೆಬಂಗಾರ, ಸೈಕಲ್ ಟ್ಯೂಬು, ಕ್ಯಾಲೆಂಡರು

ಮಗನಿಗೆ ಸಮಾಧಾನವಿಲ್ಲ. ಹುಬ್ಬಳ್ಳಿಯ ಗುಜರಿ ಅಂಗಡಿಯಿಂದ ಯಾರೂ ಕೇಳದ ಎರಡು ಹಳೆಯ ಅರಗಿನ ಪ್ಲೇಟು ತಂದ. ಗ್ರಾಮಾಫೋನಿನ ಉಕ್ಕಿನ ಸೂಜಿಗಳು ಇಂದಿಗೂ ಹೊಸದಾಗಿ ತಯಾರಾಗುತ್ತವೆ. ನೂರು ಸೂಜಿಯ ಒಂದು ಪೊಟ್ಟಣ ತರಿಸಿದ. ದಪ್ಪ ಸೂಜಿ ಜೋರು ದನಿಗೆ, ತೆಳು ಸೂಜಿ ಮೆಲುದನಿಗೆ. ಪೆಟ್ಟಿಗೆಯಲ್ಲಿ ಬಂದ ಸಣ್ಣ ಸೂಜಿಯನ್ನು ಕಿತ್ತು, ಕರೆಂಟಿನ ವೈರು ಜೋಡಿಸುವ ಕನೆಕ್ಟರಿನ ಹಿತ್ತಾಳೆ ತುಂಡನ್ನು ಅಲ್ಲಿ ಕೂರಿಸಿದ. ಅದರಲ್ಲೊಂದು ಪುಟ್ಟ ಸ್ಕ್ರೂ ಇರುತ್ತದೆ, ಸೂಜಿಯನ್ನು ಹಾಕಿ ಬಿಗಿಯಬಹುದು, ಬೇಕಾದಾಗ ಬದಲಿಸಬಹುದು.

ಇನ್ನು ಮೂಗಿನ ದನಿಯ ವಿಚಾರ. ಪೆಟ್ಟಿಗೆಯಲ್ಲಿ ಬಂದ ಪೊರೆ ಪ್ಲಾಸ್ಟಿಕ್ಕಿನದು. ಅದನ್ನು ತೆಗೆದು ಬಿಸ್ಕತ್ತಿನ ತಟ್ಟೆಗೆ ಹಾಸುವ ಬೆಣ್ಣೆ ಕಾಗದ ಹಾಕಿ ನೋಡಿದೆವು. ದನಿ ಜೋರಾಯಿತು, ಆದರೆ ಗಟ್ಟಿ ಸ್ವರ ಬಂದಾಗಲೆಲ್ಲ ಒಡಕು. ಹಳೆಯ ಗ್ರಾಮಾಫೋನುಗಳಲ್ಲಿ ಇದ್ದದ್ದು ಕಾಗೆಬಂಗಾರದ, ಅಂದರೆ ಅಭ್ರಕದ, ಪೊರೆ. ಅದು ಎಲ್ಲಿ ಸಿಗಬೇಕು? ಇಸ್ತ್ರಿ ಪೆಟ್ಟಿಗೆಯ ಒಳಗೆ ಸಿಗುತ್ತದೆ! ಕಾಯುವ ತಂತಿಯನ್ನು ಸುತ್ತಿರುವುದೇ ಅದರ ಮೇಲೆ. ರಿಪೇರಿ ಅಂಗಡಿಯವರ ಹತ್ತಿರ ಹೊಸ ಹಾಳೆಯೇ ಇತ್ತು, ನಾಲ್ಕು ಬೆರಳಗಲ ಕತ್ತರಿಸಿ ಕೊಟ್ಟರು. ಉಗುರಿನಿಂದ ಪದರು ಬಿಡಿಸಿ ತೆಳುವು ಮಾಡಿ, ಎರಡೂ ಕಡೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಬಳೆಯಿಟ್ಟು ಹಗುರಾಗಿ ಒತ್ತಿ ಕೂರಿಸಿದೆವು. ಬಿಗಿಯಾದರೆ ದನಿ ಉಸಿರುಗಟ್ಟುತ್ತದೆ, ಸಡಿಲಾದರೆ ಗಿರಗಿರ ಎನ್ನುತ್ತದೆ. ಮೂರನೆಯ ಸಲಕ್ಕೆ ಹದ ಸಿಕ್ಕಿತು. ಹಾಡುವವರ ನೆಗಡಿ ಹೋಯಿತು!

ತುತ್ತೂರಿ ಚಿಕ್ಕದಾದರೆ ಕೆಳಗಿನ ಸ್ವರಗಳು ಹೊರಗೆ ಬರುವುದೇ ಇಲ್ಲ. ನಮ್ಮದರ ಬಾಯಿ ಗೇಣಗಲ. ಅದರಲ್ಲಿ ತಬಲಾದ ಬಲಗೈ ಕೇಳುತ್ತಿತ್ತು, ಎಡಗೈಯ ಡಗ್ಗ ಎಲ್ಲೋ ಮಾಯ. ಹೋದ ವರ್ಷದ ದಪ್ಪ ಕ್ಯಾಲೆಂಡರು ನಾಲ್ಕು ಹಾಳೆ ಅಂಟಿಸಿ, ಬಾಯಿ ಒಂದೂವರೆ ಅಡಿ ಬರುವಂತೆ ಇನ್ನೊಂದು ತುತ್ತೂರಿ ಮಾಡಿದೆ. ಇದು ನನ್ನ ಸ್ವಂತ ಕೆಲಸ, ಹೇಳಿಕೊಳ್ಳಲು ಸಂಕೋಚವಿಲ್ಲ. ಸೀರೆಯ ಫಾಲ್ಸಿನಂತೆ ಒಳಗಿನ ಕೂಡುಗೆರೆ ನಯವಾಗಿರಬೇಕು. ಡಗ್ಗ ಪೂರ್ತಿ ಬಂತೆಂದು ಸುಳ್ಳು ಹೇಳಲಾರೆ. 'ಇದೆ' ಎಂದು ಗೊತ್ತಾಗುವಷ್ಟು ಬಂತು. ಪೇಟಿ, ಪಿಟೀಲು, ಹೆಂಗಸರ ಗಂಟಲು ಇವು ಮಾತ್ರ ಚೆನ್ನಾಗಿ ಕೇಳುತ್ತವೆ.

ಉಳಿದದ್ದು ವೇಗ. ಅರಗಿನ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗಬೇಕು. ತಿರುಗುವ ತಟ್ಟೆಯ ಅಂಚಿಗೆ ಒಂದು ಕುಂಕುಮದ ಬೊಟ್ಟಿಟ್ಟು, ಪ್ಲೇಟು ಹಾಕಿ, ಸೂಜಿಯನ್ನೂ ಇಳಿಸಿ, ಗಡಿಯಾರ ನೋಡುತ್ತಾ ಎಣಿಸಿ. ಅರ್ಧ ನಿಮಿಷಕ್ಕೆ 39 ಬರಬೇಕು. ಸೂಜಿಯ ಭಾರ ಬಿದ್ದೊಡನೆ ಪುಟ್ಟ ಮೋಟಾರು ಮುಗ್ಗರಿಸುತ್ತದೆ. ನಮ್ಮದು 74ಕ್ಕೆ ಇಳಿಯುತ್ತಿತ್ತು. ಇಷ್ಟಕ್ಕೆ ಏನಾಯಿತು ಎನ್ನಬೇಡಿ. ಪೇಟಿ ಬಾರಿಸುವವರನ್ನು ಕೇಳಿ: ಕರಿ ಎರಡರಲ್ಲಿ ಹಾಡಿದ ಹಾಡು ಬಿಳಿ ಎರಡಕ್ಕೆ ಇಳಿದುಬಿಡುತ್ತದೆ. ಮೋಟಾರಿನ ಗಾಲಿಗೆ ಒಂದು ಸುತ್ತು ತೆಳು ಟೇಪು ಸುತ್ತಿ ದಪ್ಪ ಮಾಡಿದ ಮೇಲೆ ಸರಿಹೋಯಿತು. ತಟ್ಟೆಯ ಕೆಳಗೆ ಒಂದು ಹಳೆಯ ಸ್ಟೀಲ್ ತಾಟು ಅಂಟಿಸಿ ತೂಕ ಹೆಚ್ಚಿಸಿದ್ದರಿಂದ ಜೋಲಿ ಹೊಡೆಯುವುದೂ ಕಡಿಮೆಯಾಯಿತು.

ಟ್ರಂಕಿನಿಂದ ಹೊರಗೆ

ಗುಜರಿಯ ಪ್ಲೇಟು ಹಾಡುವುದನ್ನು ಅತ್ತೆಯವರು ದಿನಾ ಕೇಳುತ್ತಿದ್ದರು. ಒಂದು ಸಂಜೆ ತಾವೇ ಕುಬುಸದ ಕಣದ ಗಂಟು ತಂದು ಮೇಜಿನ ಮೇಲಿಟ್ಟರು.

"ಅತ್ತ್ಯಾರ, ಅವರ ಪ್ಲೇಟು ಏನಾತು ನೀವ ನೋಡೀರಿ. ಇದೊಂದ ಉಳದದ. ಬ್ಯಾಡ್ರಿ" ಎಂದೆ.

"ನಾ ಹೋದ ಮ್ಯಾಲೆ ಟ್ರಂಕ್ ತಗದವರು ಇದನ್ನ ಏನ್ ಮಾಡ್ತೀರಿ? ಅದಕಿನ್ನ ಈಗ ಹಚ್ಚು. ಸವದರ ಸವೀಲಿ."

ನಾನು ಉತ್ತರ ಕೊಡಲಾರದೆ ಮಗನ ಮುಖ ನೋಡಿದೆ. ಅವನು ಅಷ್ಟರಲ್ಲಿ ವಿಷಯ ತಿಳಿದುಕೊಂಡಿದ್ದ. ಎಲ್.ಪಿ.ಗೆ ಆದದ್ದು ಇದಕ್ಕೆ ಆಗುವುದಿಲ್ಲ ಎಂದ. ಕಲ್ಲಿನ ಪುಡಿಯ ಮಾತು ಹೇಳಿದ್ದೆನಲ್ಲ, ಅದು ಇಲ್ಲಿ ಬರುತ್ತದೆ. ಹಳೆಯ ಗ್ರಾಮಾಫೋನಿನ ಕೈಯ ಭಾರ ನೂರು ಗ್ರಾಂ ದಾಟುತ್ತಿತ್ತು. ಅದನ್ನು ತಡೆಯಲೆಂದೇ ಅರಗಿಗೆ ಕಲ್ಲಿನ ಪುಡಿ ಬೆರೆಸುತ್ತಿದ್ದದ್ದು. ಪ್ಲೇಟು ಸವೆಯುವ ಮೊದಲು ಉಕ್ಕಿನ ಸೂಜಿಯೇ ಸವೆದು ಗೆರೆಯ ಆಕಾರಕ್ಕೆ ಬರಬೇಕು, ಅದು ಲೆಕ್ಕ. ಆದ್ದರಿಂದಲೇ ಒಂದು ಮಗ್ಗುಲಿಗೆ ಒಂದು ಸೂಜಿ, ಹಾಡು ಮುಗಿದ ಮೇಲೆ ಅದನ್ನು ಬಿಸಾಡಬೇಕು ಎಂಬ ನಿಯಮ. ಕಾಸು ಉಳಿಸಲು ಅದೇ ಸೂಜಿಯಲ್ಲಿ ಹತ್ತು ಸಲ ಕೇಳಿದವರ ಮನೆಯ ಪ್ಲೇಟುಗಳೇ ಹಾಳಾದದ್ದು. ನಮ್ಮ 30 ಗ್ರಾಮಿನ ಕೈ, ಹೊಸ ಸೂಜಿ. ಒಂದೆರಡು ಸಲಕ್ಕೆ ಭಯವಿಲ್ಲ. ಭಯ ಇರುವುದು ಕೈ ಜಾರಿ ಬಿದ್ದರೆ. ಅರಗು ಗಾಜಿನಂತೆ ಒಡೆಯುತ್ತದೆ.

ಪ್ಲೇಟಿನ ಮೇಲೆ ಐವತ್ತು ವರ್ಷದ ಕೊಳೆ. ಇದನ್ನು ಯಾರಾದರೂ ಮಾಡುವವರಿದ್ದರೆ ಒಂದು ಮಾತು ನೆನಪಿಡಿ. ಸ್ಪಿರಿಟ್, ಸ್ಯಾನಿಟೈಸರ್ ಹತ್ತಿರವೂ ತರಬೇಡಿ, ಅರಗು ಅದರಲ್ಲಿ ಕರಗುತ್ತದೆ. ತಣ್ಣೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಮೆತ್ತನೆಯ ಬಟ್ಟೆಯಿಂದ ಗೆರೆಯ ಗುಂಟ ಒರೆಸಿ, ನಡುವಿನ ಚೀಟಿಗೆ ನೀರು ತಾಗದಂತೆ ತೊಳೆದು, ನೆರಳಿನಲ್ಲಿ ಆರಿಸಬೇಕು. ಬಿಸಿಲಿಗೆ ಇಟ್ಟರೆ ಹಪ್ಪಳದಂತೆ ಡೊಂಕಾಗುತ್ತದೆ.

ತೆಳು ಸೂಜಿ ಹಾಕಿ ಮಗ ಕೈ ಇಳಿಸಿದ. ಮೊದಲು ಬರೀ ಎಣ್ಣೆಯಲ್ಲಿ ಏನೋ ಕರಿದಂಥ ಸದ್ದು. ಅಂಚಿನಲ್ಲಿ ಕೂದಲೆಳೆಯ ಬಿರುಕಿರಬೇಕು, ಸುತ್ತಿಗೊಂದು 'ಟಕ್'. ಆಮೇಲೆ ಅದರ ನಡುವಿನಿಂದ ಹೆಣ್ಣು ಗಂಟಲೊಂದು ಎದ್ದುಬಂತು. ನಾವೆಲ್ಲ ಗಂಗೂಬಾಯಿಯವರದೆಂದು ರೇಡಿಯೋದಲ್ಲಿ ಕೇಳಿದ್ದು ಗಂಡಸರಂಥ ಘನವಾದ ದನಿ. ಇದು ಬೇರೆ; ತೆಳು, ಚೂಪು, ಹುಡುಗಿಯದು. ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ದನಿ ಬದಲಾಗುವುದಕ್ಕೆ ಮುಂಚಿನದು. ಒಂದು ರಾಗ, ಮೂರು ನಿಮಿಷ. ಆ ಪ್ಲೇಟಿನಲ್ಲಿ ಅದಕ್ಕಿಂತ ಹೆಚ್ಚು ಜಾಗವಿಲ್ಲ.

ಅತ್ತೆಯವರು ತುತ್ತೂರಿಯ ಬಾಯಿಗೆ ಕಿವಿ ಹಚ್ಚಿ ಕೂತಿದ್ದರು. ಚೀಟಿಯ ಮೇಲಿನ ನಾಯಿಯ ಹಾಗೆಯೇ ಎಂದು ಮಗಳು ನಕ್ಕಳು. ನಾನು ಕಣ್ಣು ಬಿಟ್ಟೆ. ನಡುವೆ ತಾನು ಶುರುವಾಗುವ ಹೊತ್ತಿಗೆ ದನಿ ಹೊಟ್ಟೆಯೊಳಗೆ ಸಿಕ್ಕಿಕೊಂಡಂತಾಗಿ ಬರೀ ಬುಸುಬುಸು ಉಳಿಯಿತು. ಅಲ್ಲಿ ಗೆರೆ ಸವೆದುಹೋಗಿತ್ತು. ಅಯ್ಯೋ, ನಮ್ಮ ಸೂಜಿಯೇ ಕೆಡಿಸಿತೇನೋ ಎಂದು ನನ್ನ ಎದೆ ಧಸಕ್ಕೆಂದಿತು.

"ನೀ ಯಾಕ ಗಾಬರಿ ಆಗ್ತಿ" ಅಂದರು ಅತ್ತೆಯವರು, ಕಿವಿ ತೆಗೆಯದೆ. "ಇದು ಆಗಿಂದ ಹಿಂಗ ಅದ. ಈ ಜಾಗಾ ಬಂದ ಕೂಡಲೆ ನಮ್ಮಪ್ಪ ಸೂಜಿ ಎತ್ತಿ ಹೊಳ್ಳಿ ಹಿಂದ ಇಡತಿದ್ದ. ಇಷ್ಟನ್ನ ಎಷ್ಟ ಸಲ ಕೇಳ್ಯಾನೋ! ಸೂಜಿ ಬದಲ ಮಾಡೂ ಅಂತ ನಮ್ಮವ್ವ ಒದರತಿದ್ಲು."

ಬುಸುಬುಸು ಇದ್ದಷ್ಟು ಹೊತ್ತೂ ಅವರ ತುಟಿ ಅಲುಗುತ್ತಿತ್ತು. ಪ್ಲೇಟಿನಲ್ಲಿ ಇಲ್ಲದ ತಾನು ಅವರ ಬಾಯಲ್ಲಿತ್ತು. ಗೆರೆ ಮತ್ತೆ ಸರಿಯಾದ ಜಾಗದಲ್ಲಿ ಇಬ್ಬರೂ ಒಟ್ಟಿಗೇ ಬಂದು ಸೇರಿದರು.

ಮಗ ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡ. ಅದರಲ್ಲಿ ಹಾಡಿಗಿಂತ ಹೆಚ್ಚಾಗಿ ಅತ್ತೆಯವರ ಉಸಿರು, ನಮ್ಮ ಕುಕ್ಕರಿನ ಸೀಟಿ ಕೇಳುತ್ತವೆ. ಇನ್ನೊಂದು ಮಗ್ಗುಲನ್ನು ಅವತ್ತೇ ಹಚ್ಚಲು ಹೊರಟಾಗ ಅತ್ತೆಯವರು ಬೇಡವೆಂದರು. ಅದು ಬರುವ ಯುಗಾದಿಗೆ, ಮಗ ಮತ್ತೆ ಊರಿಗೆ ಬಂದಾಗ.

ನಮ್ಮವರ ಎಲ್.ಪಿ.ಯ ಮೊದಲ ಹಾಡು ಹೋಯಿತು, ಉಳಿದವು ಇವೆ. ಸರಿಯಾದ ವಿದ್ಯುತ್ ಪ್ಲೇಯರು ತರಿಸಿಕೊಡುವುದಾಗಿ ಮಗ ಒಪ್ಪಿಕೊಂಡಿದ್ದಾನೆ. ಹಲಗೆಯ ಗ್ರಾಮಾಫೋನು ಪಡಸಾಲೆಯಲ್ಲೇ ಇದೆ, ತುತ್ತೂರಿಯ ಒಳಗೆ ಹೋದ ವರ್ಷದ ತಿಥಿ ವಾರಗಳು ಕಾಣುತ್ತವೆ. ಸೂಜಿಗಳನ್ನು ಅತ್ತೆಯವರು ತಮ್ಮ ಹಳೆಯ ಕುಂಕುಮದ ಕರಡಿಗೆಯಲ್ಲಿ ಎಣಿಸಿ ಇಟ್ಟುಕೊಂಡಿದ್ದಾರೆ. ಇನ್ನೂ 61 ಇವೆಯಂತೆ.